ಊರ ಶಾಲೆಯಲ್ಲಿ ಹೆತ್ತವರ ಪಾಲು

ಮುಧೋಳಕ್ಕೆ ಹಿಂದೆ ಮುದುವೊಳಲು ಎಂಬ ಹೆಸರಿತ್ತು. ಹತ್ತನೆಯ ಶತಮಾನದಲ್ಲಿ ಆ ಊರಿನ ಬಳೆಗಾರರ ಮನೆಯೊಂದರಲ್ಲಿ ಹುಟ್ಟಿದ ಹುಡುಗನೊಬ್ಬನಿಗೆ ಓದಬೇಕೆಂಬ ಹಂಬಲ ಬಲವಾಯಿತು. ಕುಲದ ಕಸುಬನ್ನು ಬಿಟ್ಟು, ಗುರುವನ್ನು ಅರಸಿಕೊಂಡು, ಅವನು ದೂರದ ಗಂಗರ ನಾಡಿಗೆ ಹೋದನು. ಅಜಿತಸೇನಾಚಾರ್ಯರಿಗೆ ಶಿಷ್ಯನಾದನು, ಚಾವುಂಡರಾಯನ ಆಶ್ರಯವನ್ನೂ ಮುಂದೆ ಅತ್ತಿಮಬ್ಬೆಯ ಆಶ್ರಯವನ್ನೂ ಪಡೆದನು. ಅವನೇ ಕವಿಚಕ್ರವರ್ತಿ ರನ್ನ. ಈ ಕಥೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳತಕ್ಕದ್ದೇ ಸರಿ. ಆದರೆ ಇದಕ್ಕೆ ಇನ್ನೊಂದು ಮುಖವೂ ಉಂಟು. ಆ ಬೀದಿಯಲ್ಲಿ ರನ್ನನೊಡನೆ ಆಡಿದ ಬೇರೆ ಹುಡುಗರೂ ಇದ್ದಿರಬೇಕಷ್ಟೆ. ಊರು ಬಿಟ್ಟು ಹೊರಡುವ ಧೈರ್ಯವಾಗಲಿ, ದಾರಿಯ ಬುತ್ತಿಯಾಗಲಿ, ಗುರುವಿನ ಕೃಪೆಯಾಗಲಿ ದೊರೆಯದ ಆ ಹುಡುಗರು ಏನಾದರು? ಯಾರಿಗೂ ತಿಳಿಯದು. ವಿದ್ಯೆಯು ಅದೃಷ್ಟಕ್ಕೆ ಬಿಟ್ಟ ವಸ್ತುವಾಗಿದ್ದ ಕಾಲದಲ್ಲಿ ಒಬ್ಬ ರನ್ನನು ಬೆಳಗುತ್ತಾನೆ; ಉಳಿದವರು ಕತ್ತಲಲ್ಲೇ ಕರಗಿಹೋಗುತ್ತಾರೆ.

ವಿದ್ಯೆಯನ್ನು ಅದೃಷ್ಟದ ಕೈಯಿಂದ ಬಿಡಿಸಿ ಪ್ರತಿಯೊಂದು ಮಗುವಿನ ಹಕ್ಕನ್ನಾಗಿ ಮಾಡಬೇಕೆಂಬುದೇ ಸಾರ್ವಜನಿಕ ಶಾಲೆಯ ಉದ್ದೇಶ. ಶಿಷ್ಯನು ಗುರುವನ್ನು ಹುಡುಕಿಕೊಂಡು ಹೋಗುವುದರ ಬದಲು ಗುರುವೇ ಶಿಷ್ಯನ ಊರಿಗೆ ಬರತಕ್ಕದ್ದೆಂಬುದು ಇಂದಿನ ಕಾಯಿದೆ. ಈ ಕಾಯಿದೆಯನ್ನು ಕಾಗದದಿಂದ ಶಾಲೆಯ ಅಂಗಳಕ್ಕೆ ಇಳಿಸಬೇಕಾದವರು ಯಾರು? ಸರ್ಕಾರದವರು, ಉಪಾಧ್ಯಾಯರು ಎಂದು ಯಾರಾದರೂ ಉತ್ತರ ಹೇಳುವರು, ಅದು ನಿಜ. ಮೂರನೆಯ ಕಕ್ಷಿಯೊಂದುಂಟು, ಅದು ಮಕ್ಕಳ ತಂದೆತಾಯಿಗಳು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕು ತಾಲ್ಲೂಕುಗಳನ್ನು ಕಣ್ಣಮುಂದೆ ಇಟ್ಟುಕೊಂಡು, ಆ ಮೂರನೆಯವರ ಪಾಲು ಯಾವುದು, ಅದನ್ನು ಅವರು ಹೇಗೆ ನಿರ್ವಹಿಸಬಹುದು ಎಂಬುದನ್ನು ಈ ಭಾಷಣದಲ್ಲಿ ವಿಚಾರ ಮಾಡೋಣ.

ಮೊದಲು ಸ್ವಲ್ಪ ಹಿಂದಿನ ಮಾತು. ೧೯೪೮ನೆಯ ಇಸವಿಯ ವರೆಗೆ ಈ ಊರುಗಳು ಒಂದೇ ಆಡಳಿತದಲ್ಲಿರಲಿಲ್ಲ. ಜಮಖಂಡಿಯನ್ನು ಪಟವರ್ಧನರೂ ಮುಧೋಳವನ್ನು ಘೋರ್ಪಡೆಯವರೂ ಆಳುತ್ತಿದ್ದರು. ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಅದಕ್ಕೆ ಅಂಟಿಕೊಂಡೇ ಇರುವ ಬನಹಟ್ಟಿ ಜಮಖಂಡಿಯವರದು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಶಾಲೆಯನ್ನು ತೆರೆಯುವುದೂ ಬಿಡುವುದೂ ಆಯಾ ದರಬಾರಿನ, ಆಯಾ ಅಧಿಕಾರಿಗಳ ಮನಸ್ಸಿಗೆ ಸೇರಿದ್ದಾಗಿತ್ತು. ನೇಕಾರನೊಬ್ಬನ ಮನೆ ಗಡಿಯ ಈಚೆಗಿದ್ದರೆ ಅವನ ಮಗುವಿಗೆ ಒಂದು ಕಟ್ಟಳೆ, ಆಚೆಗಿದ್ದರೆ ಇನ್ನೊಂದು. ಆ ಸಂಸ್ಥಾನಗಳು ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ೧೯೫೬ರಲ್ಲಿ ಈ ಪ್ರದೇಶವೆಲ್ಲ ಕನ್ನಡ ನಾಡಿನೊಡನೆ ಕೂಡಿತು. ೧೯೯೭ರಲ್ಲಿ ಬಾಗಲಕೋಟೆ ಜಿಲ್ಲೆ ಹುಟ್ಟಿತು. ಈಗ ನಾಲ್ಕು ತಾಲ್ಲೂಕುಗಳಿಗೂ ಒಂದೇ ಜಿಲ್ಲೆ, ಒಂದೇ ಕಾಯಿದೆ.

ತಂದೆತಾಯಿಗಳ ಸ್ಥಾನವೂ ಈ ನೂರು ವರ್ಷಗಳಲ್ಲಿ ಬದಲಾಗಿದೆ. ನೆರೆಯ ಕೊಲ್ಲಾಪುರದಲ್ಲಿ ಶಾಹು ಮಹಾರಾಜರು ೧೯೧೭ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿ ಮಾಡಿದರು. ಮಗುವನ್ನು ಶಾಲೆಗೆ ಕಳುಹಿಸದ ತಂದೆತಾಯಿಗಳಿಗೆ ತಿಂಗಳಿಗೆ ಒಂದು ರೂಪಾಯಿ ದಂಡವನ್ನು ವಿಧಿಸಿದರು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ. ಬಡವರ ಮಕ್ಕಳ ಮೇಲಣ ಪ್ರೀತಿಯಿಂದ ಇಟ್ಟ ಹೆಜ್ಜೆ. ಆದರೆ ಆ ಕಟ್ಟಳೆಯಲ್ಲಿ ತಂದೆಗೆ ಇದ್ದ ಸ್ಥಾನವು ತಪ್ಪಿತಸ್ಥನಾಗಬಹುದಾದವನ ಸ್ಥಾನ. ಅವನು ಮಗುವನ್ನು ಕಳುಹಿಸಬೇಕು. ಶಾಲೆ ಹೇಗೆ ನಡೆಯುತ್ತದೆಂದು ಕೇಳುವ ಅಧಿಕಾರವು ಅವನಿಗಿರಲಿಲ್ಲ.

೨೦೦೨ರಲ್ಲಿ ನಮ್ಮ ರಾಜ್ಯಾಂಗಕ್ಕೆ ಎಂಬತ್ತಾರನೆಯ ತಿದ್ದುಪಡಿಯಾಗಿ, ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣವು ಮೂಲಭೂತ ಹಕ್ಕಾಯಿತು. ಅದನ್ನು ನಡೆಯಿಸುವ ಕಾಯಿದೆ ೨೦೦೯ರಲ್ಲಿ ಆಗಿ, ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂತು. ಈ ಕಾಯಿದೆಯ ಇಪ್ಪತ್ತೊಂದನೆಯ ಕಲಮು ಸರ್ಕಾರಿ ಶಾಲೆಗಳಿಗೂ ಅನುದಾನಿತ ಶಾಲೆಗಳಿಗೂ ಒಂದೊಂದು ಸಮಿತಿಯನ್ನು ವಿಧಿಸಿದೆ. ಆ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ಮಕ್ಕಳ ತಂದೆತಾಯಿಗಳು ಅಥವಾ ಪೋಷಕರೇ ಇರಬೇಕು. ಒಟ್ಟು ಸದಸ್ಯರಲ್ಲಿ ಅರ್ಧ ಮಂದಿ ಹೆಂಗಸರಿರಬೇಕು. ಹಿಂದುಳಿದವರ ಮತ್ತು ದುರ್ಬಲರ ಮಕ್ಕಳ ತಂದೆತಾಯಿಗಳಿಗೆ ಅವರ ಸಂಖ್ಯೆಗೆ ತಕ್ಕ ಸ್ಥಾನವಿರಬೇಕು. ನಮ್ಮ ಕರ್ನಾಟಕದಲ್ಲಿ ಇದಕ್ಕೂ ಎಂಟು ವರ್ಷ ಮೊದಲೇ, ೨೦೦೧ರಲ್ಲಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಹುಟ್ಟಿದ್ದವು. ಜನರು ಅದನ್ನು ಎಸ್‌ಡಿಎಂಸಿ ಎಂದು ಕರೆಯುತ್ತಾರೆ. ಒಂದು ನೂರು ವರ್ಷದೊಳಗೆ ತಂದೆತಾಯಿಗಳು ದಂಡ ತೆರುವ ಕಟ್ಟೆಯಿಂದ ಎದ್ದು ಶಾಲೆಯ ಮೇಲುಸ್ತುವಾರಿಯ ಪೀಠದಲ್ಲಿ ಕುಳಿತರು. ಇದು ಸಾಮಾನ್ಯವಾದ ಬದಲಾವಣೆಯಲ್ಲ.

ಆ ಪೀಠದ ಕೆಲಸವೇನು? ಕಾಯಿದೆಯು ಸರ್ಕಾರಿ ಶಾಲೆಯ ಸಮಿತಿಗೆ ಮುಖ್ಯವಾಗಿ ಮೂರು ಕೆಲಸಗಳನ್ನು ಹೇಳುತ್ತದೆ. ಶಾಲೆಯ ಕಾರ್ಯವನ್ನು ನೋಡಿಕೊಳ್ಳುವುದು ಮೊದಲನೆಯದು. ಶಾಲೆಯ ಅಭಿವೃದ್ಧಿಯ ಯೋಜನೆಯನ್ನು ಸಿದ್ಧಪಡಿಸಿ ಶಿಫಾರಸು ಮಾಡುವುದು ಎರಡನೆಯದು. ಸರ್ಕಾರದಿಂದಾಗಲಿ ಬೇರೆಲ್ಲಿಂದಾಗಲಿ ಬಂದ ಹಣವು ಹೇಗೆ ವೆಚ್ಚವಾಯಿತೆಂದು ಪರಿಶೀಲಿಸುವುದು ಮೂರನೆಯದು. ಸಮಿತಿಯು ಮಾಡಿದ ಯೋಜನೆಯ ಆಧಾರದ ಮೇಲೆಯೇ ಸರ್ಕಾರವು ಅನುದಾನವನ್ನು ಗೊತ್ತುಮಾಡತಕ್ಕದ್ದೆಂದು ಇಪ್ಪತ್ತೆರಡನೆಯ ಕಲಮು ಹೇಳುತ್ತದೆ. ಅನುದಾನಿತ ಶಾಲೆಗಳಲ್ಲಿ ಸಮಿತಿಯದು ಸಲಹೆಯ ಅಧಿಕಾರ ಮಾತ್ರ. ಸರ್ಕಾರಿ ಶಾಲೆಯಲ್ಲಾದರೋ, ಸ್ವಾತಂತ್ರ್ಯದಿನ ಧ್ವಜದ ಬಳಿ ನಿಂತು ಪೇಢೆ ಹಂಚುವಷ್ಟಕ್ಕೆ ತನ್ನ ಕೆಲಸ ಮುಗಿಯಿತೆಂದು ಸಮಿತಿ ತಿಳಿದರೆ, ತನ್ನ ಕೈಯಲ್ಲಿರುವ ಬೀಗದ ಕೈಯನ್ನು ಅದು ತಾನೇ ಬಾವಿಗೆ ಎಸೆದಂತೆ.

ಇಷ್ಟು ಅಧಿಕಾರವಿದ್ದರೂ ತಂದೆತಾಯಿಗಳು ಏಕೆ ಮೌನವಾಗಿರುತ್ತಾರೆ? ಇದಕ್ಕೆ ಎರಡು ಕಾರಣಗಳು ಕಾಣುತ್ತವೆ.

ಮೊದಲನೆಯದು, ಮಾತನಾಡಬಲ್ಲವರು ಬಿಟ್ಟುಹೋಗುವುದು. ಊರ ಶಾಲೆಯಲ್ಲಿ ಕೊರತೆ ಕಂಡ ಕೂಡಲೆ ಕೈಯಲ್ಲಿ ನಾಲ್ಕು ಕಾಸಿರುವ ತಂದೆ ಮಗುವನ್ನು ಖಾಸಗಿ ಶಾಲೆಯ ಬಸ್ಸಿಗೆ ಹತ್ತಿಸುತ್ತಾನೆ. ಅವನನ್ನು ದೂರುವಂತಿಲ್ಲ, ಮಗುವಿನ ಹಿತವನ್ನು ಬಯಸುವುದು ತಪ್ಪಲ್ಲ. ಆದರೆ ಮುಂದೇನಾಗುತ್ತದೆಂದು ನೋಡಿ. ಸರ್ಕಾರಿ ಶಾಲೆಯಲ್ಲಿ ಉಪಾಧ್ಯಾಯರ ಸಂಖ್ಯೆಯು ಮಕ್ಕಳ ಸಂಖ್ಯೆಯನ್ನು ಅನುಸರಿಸಿರುತ್ತದೆ. ಮಕ್ಕಳು ಕಡಮೆಯಾದರೆ ಒಂದು ಹುದ್ದೆ ಹೆಚ್ಚುವರಿಯೆಂದು ಲೆಕ್ಕಕ್ಕೆ ಬಂದು ಆ ಉಪಾಧ್ಯಾಯರು ಬೇರೆಡೆಗೆ ಹೋಗುತ್ತಾರೆ. ಉಳಿದವರು ಎರಡು ಮೂರು ತರಗತಿಗಳನ್ನು ಒಟ್ಟಿಗೆ ಕೂರಿಸಿ ಪಾಠ ಹೇಳಬೇಕಾಗುತ್ತದೆ. ಅದನ್ನು ಕಂಡು ಇನ್ನೂ ನಾಲ್ವರು ಬಿಡುತ್ತಾರೆ. ಹೀಗೆ ಹೊರಗೆ ಹೋದವರೊಡನೆ ಕೇಳುವ ದನಿಯೂ ಹೋಗುತ್ತದೆ, ಉಪಾಧ್ಯಾಯರೂ ಹೋಗುತ್ತಾರೆ. ಕೊನೆಗೆ ಉಳಿಯುವವರು ಬಸ್ಸಿನ ಹಣ ಕೊಡಲಾರದವರ ಮಕ್ಕಳು.

ಖಾಸಗಿ ಶಾಲೆಗಳಲ್ಲಿ ಶೇಕಡಾ ೨೫ ಸ್ಥಾನಗಳನ್ನು ಬಡ ಮಕ್ಕಳಿಗೆ ಇದೇ ಕಾಯಿದೆ ಮೀಸಲಿಟ್ಟಾಗ, ಅನೇಕ ಬಡ ತಂದೆತಾಯಿಗಳ ದೃಷ್ಟಿ ಆ ಕಡೆ ತಿರುಗಿತು. ೨೦೧೯ರಲ್ಲಿ ಕರ್ನಾಟಕ ಸರ್ಕಾರವು ತನ್ನ ನಿಯಮವನ್ನು ತಿದ್ದಿ, ಸಮೀಪದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿರುವ ಕಡೆ ಖಾಸಗಿ ಶಾಲೆಗೆ ಆ ಹೊಣೆಯಿಲ್ಲವೆಂದಿತು. ಇದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದ ಅರ್ಜಿಗಳು ಅದೇ ವರ್ಷದ ಮೇ ತಿಂಗಳಲ್ಲಿ ವಜಾ ಆದವು. ಆ ನಿಯಮದ ಯುಕ್ತಾಯುಕ್ತತೆ ಇಲ್ಲಿ ಚರ್ಚಿಸತಕ್ಕ ವಿಷಯವಲ್ಲ. ಒಂದು ಸಂಗತಿ ಮಾತ್ರ ಸ್ಪಷ್ಟ: ಸಮೀಪದಲ್ಲಿ ಸರ್ಕಾರಿ ಶಾಲೆಯುಂಟು ಎಂಬ ಮಾತನ್ನು ಆಧಾರವಾಗಿ ಹಿಡಿದ ಮೇಲೆ, ಆ ಶಾಲೆ ನೆಟ್ಟಗಿರಬೇಕೆಂದು ಕೇಳುವ ತಂದೆತಾಯಿಗಳ ಹಕ್ಕು ಮೊದಲಿಗಿಂತ ಗಟ್ಟಿಯಾಯಿತು.

ಮೌನಕ್ಕೆ ಎರಡನೆಯ ಕಾರಣ, ಉಳಿದವರಿಗೆ ಬಿಡುವಿಲ್ಲದಿರುವುದು. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಬೆಳಗಿನಿಂದಲೇ ಮಗ್ಗದ ಸದ್ದು. ನೆಯ್ದಷ್ಟಕ್ಕೆ ಕೂಲಿ, ಮಗ್ಗ ನಿಂತರೆ ಗಳಿಕೆಯೂ ನಿಂತಿತು. ಅಂಥ ಮನೆಯ ತಾಯಿಯನ್ನು ಹಗಲು ಹನ್ನೊಂದು ಗಂಟೆಯ ಸಭೆಗೆ ಕರೆದರೆ, ಬರಬೇಡಿರಿ ಎಂದು ಹೇಳಿದಂತೆಯೇ ಆಯಿತು. ಕೃಷ್ಣಾ ಘಟಪ್ರಭಾ ತೀರದ ಜಮಖಂಡಿ ಮುಧೋಳಗಳಲ್ಲಿ ಕಬ್ಬಿನ ಕಟಾವು ಬಂದಿತೆಂದರೆ ಹೊರಗಿನಿಂದ ಬಂದ ತಂಡಗಳು ಹೊಲದ ಅಂಚಿನಲ್ಲಿ ಗುಡಿಸಲು ಹಾಕುತ್ತವೆ. ಅವರ ಮಕ್ಕಳು ಯಾವ ಊರಿನ ಶಾಲೆಯ ಲೆಕ್ಕಕ್ಕೆ ಸೇರಬೇಕು? ಬೀಳಗಿಯ ಕಡೆ ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರುಗಳನ್ನು ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದವರಿದ್ದಾರೆ. ಅವರೊಡನೆ ಶಾಲೆಯೂ ಹೊಸ ಜಾಗದಲ್ಲಿ ಬೇರು ಬಿಡಬೇಕಾಯಿತು. ೨೦೧೯ರ ಆಗಸ್ಟ್ ತಿಂಗಳ ಮಹಾಪೂರದಲ್ಲಿ ನದಿಯ ದಂಡೆಯ ಊರುಗಳು ನೀರು ಪಾಲಾದಾಗ ಶಾಲೆಯ ಕಟ್ಟಡಗಳೇ ನಿರಾಶ್ರಿತರಿಗೆ ಆಶ್ರಯವಾದವು. ಹೀಗೆ ಊರಿನ ಕಷ್ಟವೆಲ್ಲ ಶಾಲೆಯ ಹೊಸ್ತಿಲಿಗೆ ಬಂದು ನಿಲ್ಲುತ್ತದೆ. ಆ ಕಷ್ಟವನ್ನು ಬಲ್ಲವರೇ ಸಮಿತಿಯಲ್ಲಿರಬೇಕೆಂದು ಕಾಯಿದೆ ಹೇಳಿರುವುದಕ್ಕೆ ಅರ್ಥವಿದೆ.

ಈಗ ನ್ಯಾಯವನ್ನು ಕೇಳುವ ಬಗೆ ಹೇಗೆಂಬ ಪ್ರಶ್ನೆ ಬರುತ್ತದೆ. ಇದಕ್ಕೆ ಎರಡು ನಿದರ್ಶನಗಳನ್ನು ಹೇಳುತ್ತೇನೆ. ಒಂದು ನಮ್ಮ ನಾಡಿನದು, ಇನ್ನೊಂದು ಕಡಲಾಚೆಯದು.

೧೮೫೬ನೆಯ ಇಸವಿಯ ಜೂನ್ ತಿಂಗಳಲ್ಲಿ ಧಾರವಾಡದ ಮಹಾರ ಜಾತಿಯ ಹುಡುಗನೊಬ್ಬನು ತನ್ನನ್ನು ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಬೇಕೆಂದು ಮುಂಬಯಿ ಸರ್ಕಾರಕ್ಕೆ ಅರ್ಜಿ ಬರೆದುಕೊಂಡನು. ಶಾಲೆ ಸರ್ಕಾರದ್ದು, ಹಣ ಪ್ರಜೆಗಳದ್ದು, ಹುಡುಗನೂ ಪ್ರಜೆಯೇ. ಆದರೂ ಸರ್ಕಾರವು ಒಪ್ಪಲಿಲ್ಲ. ಕೇವಲ ನ್ಯಾಯವನ್ನು ನೋಡಿದರೆ ಅರ್ಜಿದಾರನ ಪಕ್ಷವೇ ಸರಿ. ಆದರೆ ಒಬ್ಬನ ಸಲುವಾಗಿ ಬಹುಕಾಲದ ಜನಾಭಿಪ್ರಾಯವನ್ನು ಎದುರುಹಾಕಿಕೊಂಡರೆ ಶಾಲೆಯೇ ನಿರುಪಯೋಗವಾದೀತು ಎಂಬುದು ಅದರ ಉತ್ತರದ ತಾತ್ಪರ್ಯ. ಭಾರತ ಸರ್ಕಾರಕ್ಕೆ ಈ ಉತ್ತರವು ಸರಿಕಾಣಲಿಲ್ಲ. ವಿಷಯವು ವಿಲಾಯತಿಯ ಕಂಪೆನಿ ಡೈರೆಕ್ಟರುಗಳ ವರೆಗೆ ಹೋಯಿತು. ಕೊನೆಗೆ ೧೮೫೮ರಲ್ಲಿ, ಕೇವಲ ಸರ್ಕಾರದ ಹಣದಿಂದಲೇ ನಡೆಯುವ ಶಾಲೆಗಳು ಎಲ್ಲ ಜಾತಿಯ ಪ್ರಜೆಗಳಿಗೂ ಭೇದವಿಲ್ಲದೆ ತೆರೆದಿರತಕ್ಕದ್ದೆಂಬ ತತ್ತ್ವವನ್ನು ಒಪ್ಪಿಕೊಂಡರು. ಆಚರಣೆಯಲ್ಲಿ ಅದು ಬೇರೂರಲು ಬಹಳ ಕಾಲ ಹಿಡಿಯಿತು. ಆದರೂ ತತ್ತ್ವವು ದಾಖಲೆಗೆ ಬಂತು. ಅದನ್ನು ದಾಖಲೆಗೆ ತಂದದ್ದು ಧಾರವಾಡದ ಒಬ್ಬ ಹುಡುಗನ ಅರ್ಜಿ.

ಇಲ್ಲಿ ಎರಡು ಪಾಠಗಳಿವೆ. ಬರಹದಲ್ಲಿ ಕೇಳಿದ ಮಾತು ಸಾಯುವುದಿಲ್ಲವೆಂಬುದು ಒಂದು. ಒಬ್ಬನೇ ಕೇಳಿದಾಗ, ಇದು ಒಬ್ಬನ ಮಾತು ಎಂದು ತಳ್ಳಿಹಾಕುವುದು ಅಧಿಕಾರಕ್ಕೆ ಸುಲಭವೆಂಬುದು ಇನ್ನೊಂದು.

ಎರಡನೆಯ ನಿದರ್ಶನವು ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ್ದು. ಅಲ್ಲಿಯ ಆರೆಂಜ್ ಕೌಂಟಿಯ ವೆಸ್ಟ್‌ಮಿನ್‌ಸ್ಟರ್ ಎಂಬ ಊರಿನಲ್ಲಿ ಗೊನ್ಸಾಲೊ ಮೆಂಡೆಜ್ ಎಂಬ ಬೇಸಾಯಗಾರನಿದ್ದನು. ಮೆಕ್ಸಿಕೊ ಮೂಲದ ಮಕ್ಕಳಿಗೆ ಆ ಕಡೆ ಬೇರೆಯೇ ಶಾಲೆಗಳು, ಅವು ಕೀಳಾದವು. ಮೆಂಡೆಜನ ಮಕ್ಕಳನ್ನು ಹತ್ತಿರದ ಒಳ್ಳೆಯ ಶಾಲೆಗೆ ಸೇರಿಸಿಕೊಳ್ಳಲಿಲ್ಲ. ಅವನು ಬಿಡದೆ ಕೇಳಿದಾಗ, ಅವನ ಮಕ್ಕಳನ್ನು ಮಾತ್ರ ವಿಶೇಷವಾಗಿ ಸೇರಿಸಿಕೊಳ್ಳುತ್ತೇವೆಂದು ಶಾಲೆಯವರು ಮುಂದೆ ಬಂದರೆಂದೂ ಅವನು ಅದಕ್ಕೆ ಒಪ್ಪಲಿಲ್ಲವೆಂದೂ ಹೇಳುತ್ತಾರೆ. ೧೯೪೫ರಲ್ಲಿ ಅವನೂ ಇನ್ನು ನಾಲ್ವರು ತಂದೆಗಳೂ ಸೇರಿ, ತಮ್ಮ ಮಕ್ಕಳಷ್ಟೇ ಅಲ್ಲದೆ ಆ ಸೀಮೆಯ ಸುಮಾರು ೫,೦೦೦ ಮಕ್ಕಳ ಪರವಾಗಿ ನ್ಯಾಯಾಲಯಕ್ಕೆ ಹೋದರು. ೧೯೪೬ರಲ್ಲಿ ತೀರ್ಪು ಅವರ ಪರವಾಯಿತು. ೧೯೪೭ರಲ್ಲಿ ಮೇಲಿನ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಆ ವರ್ಷವೇ ಕ್ಯಾಲಿಫೋರ್ನಿಯವು ಬೇರೆ ಬೇರೆ ಶಾಲೆಗಳಿಗೆ ಅವಕಾಶ ಕೊಡುವ ತನ್ನ ಕಾಯಿದೆಯ ಕಲಮುಗಳನ್ನು ತೆಗೆದುಹಾಕಿತು. ಅದಕ್ಕೆ ಸಹಿ ಹಾಕಿದ ಗವರ್ನರ್ ಅರ್ಲ್ ವಾರೆನ್. ೧೯೫೪ರಲ್ಲಿ ಬ್ರೌನ್ ಮೊಕದ್ದಮೆಯ ತೀರ್ಪಿನಿಂದ ಇಡೀ ದೇಶದ ಸಾರ್ವಜನಿಕ ಶಾಲೆಗಳಲ್ಲಿ ವರ್ಣಭೇದವು ರಾಜ್ಯಾಂಗಕ್ಕೆ ವಿರುದ್ಧವೆಂದು ಸಾರಿದ ಮುಖ್ಯ ನ್ಯಾಯಾಧೀಶರೂ ಅವರೇ.

ಮೆಂಡೆಜನು ತನ್ನ ಮಕ್ಕಳಿಗೆ ಮಾತ್ರ ಬಾಗಿಲು ತೆರೆದರೆ ಸಾಕೆಂದಿದ್ದರೆ, ಒಂದು ಮನೆಯ ಕಷ್ಟ ತೀರುತ್ತಿತ್ತು. ಬಾಗಿಲು ಉಳಿದವರಿಗೆ ಮುಚ್ಚಿಯೇ ಇರುತ್ತಿತ್ತು. ನಾನು ಈ ಸಂದರ್ಭದಲ್ಲಿ ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ನನ್ನ ಮಗುವಿಗೆ ಇದನ್ನು ಮಾಡಿಕೊಡಿರಿ ಎಂದು ಕೇಳುವುದು ದಾಕ್ಷಿಣ್ಯವನ್ನು ಕೇಳಿದಂತೆ. ಈ ಶಾಲೆಯ ಮಕ್ಕಳಿಗೆಲ್ಲ ಕಾಯಿದೆಯ ಪ್ರಕಾರ ಸಲ್ಲತಕ್ಕದ್ದನ್ನು ಸಲ್ಲಿಸಿರಿ ಎಂದು ಕೇಳುವುದು ನ್ಯಾಯವನ್ನು ಕೇಳಿದಂತೆ. ದಾಕ್ಷಿಣ್ಯವು ಅಧಿಕಾರಿಯ ವರ್ಗಾವಣೆಯೊಡನೆ ಹೊರಟುಹೋಗುತ್ತದೆ. ನ್ಯಾಯವು ದಾಖಲೆಯಲ್ಲಿ ಉಳಿಯುತ್ತದೆ.

ಹಾಗೆ ಕೇಳಬೇಕಾದರೆ ಸಲ್ಲತಕ್ಕದ್ದು ಎಷ್ಟೆಂಬುದು ಗೊತ್ತಿರಬೇಕಷ್ಟೆ. ಕಾಯಿದೆಯ ಅನುಬಂಧದಲ್ಲಿ ಆ ಅಳತೆಯಿದೆ. ಒಂದರಿಂದ ಐದನೆಯ ತರಗತಿಯ ವರೆಗಿನ ಶಾಲೆಯಲ್ಲಿ ೬೦ ಮಕ್ಕಳ ವರೆಗೆ ಇಬ್ಬರು ಉಪಾಧ್ಯಾಯರು; ೬೧ರಿಂದ ೯೦ರ ವರೆಗೆ ಮೂವರು; ೯೧ರಿಂದ ೧೨೦ರ ವರೆಗೆ ನಾಲ್ವರು. ೧೨೦ಕ್ಕಿಂತ ಹೆಚ್ಚಾದರೆ ಐವರು. ೧೫೦ನ್ನು ಮೀರಿದರೆ ಅವರ ಜೊತೆಗೆ ಮುಖ್ಯೋಪಾಧ್ಯಾಯರು ಬೇರೆ. ಆರರಿಂದ ಎಂಟನೆಯ ತರಗತಿಯಲ್ಲಿ ೩೫ ಮಕ್ಕಳಿಗೆ ಒಬ್ಬರಂತೆ, ಗಣಿತ ವಿಜ್ಞಾನಗಳಿಗೆ, ಸಮಾಜ ವಿಷಯಕ್ಕೆ, ಭಾಷೆಗಳಿಗೆ ಒಬ್ಬೊಬ್ಬರಾದರೂ ಇರಬೇಕು. ಕೆಳಗಿನ ತರಗತಿಗಳು ವರ್ಷಕ್ಕೆ ಕನಿಷ್ಠ ೨೦೦ ದಿನ, ಮೇಲಿನವು ೨೨೦ ದಿನ ನಡೆಯಬೇಕು. ಉಪಾಧ್ಯಾಯರಿಗೊಂದರಂತೆ ಕೊಠಡಿ, ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಬೇರೆ ಬೇರೆ ಶೌಚಾಲಯ, ಎಲ್ಲರಿಗೂ ಸಾಲುವಷ್ಟು ಶುದ್ಧವಾದ ಕುಡಿಯುವ ನೀರು, ಬಿಸಿಯೂಟದ ಅಡಿಗೆಮನೆ, ಆಟದ ಬಯಲು, ಆವರಣದ ಗೋಡೆ ಅಥವಾ ಬೇಲಿ, ಪುಸ್ತಕಭಂಡಾರ ಇವೂ ಆ ಅಳತೆಯಲ್ಲಿ ಸೇರಿವೆ. ಸರ್ಕಾರಿ ಶಾಲೆಯಲ್ಲಿ ಮಂಜೂರಾದ ಹುದ್ದೆಗಳಲ್ಲಿ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಖಾಲಿ ಇರಕೂಡದು.

ಒಂದು ಊರನ್ನು ಕಲ್ಪಿಸಿಕೊಳ್ಳೋಣ. ಅಲ್ಲಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ೯೬ ಮಕ್ಕಳು, ಉಪಾಧ್ಯಾಯರು ಮೂವರು. ನಮ್ಮ ಶಾಲೆಗೆ ಮಾಸ್ತರರು ಸಾಲದು ಎಂದು ನಾಲ್ವರು ಗಟ್ಟಿಯಾಗಿ ಕೂಗಿದರೆ ಅದು ಗಾಳಿಗೆ ಹೋದ ಮಾತು. ಅದರ ಬದಲು ಸಮಿತಿಯು ಸೇರಿ, ಹಾಜರಿ ಪುಸ್ತಕದಿಂದ ಸಂಖ್ಯೆಯನ್ನು ಬರೆದುಕೊಂಡು, ೯೬ ಮಕ್ಕಳಿಗೆ ನಾಲ್ವರು ಸಲ್ಲಬೇಕು, ಮೂವರಿದ್ದಾರೆ, ಒಬ್ಬರು ಕಡಮೆ ಎಂದು ನಡವಳಿ ಪುಸ್ತಕದಲ್ಲಿ ಠರಾವು ಮಾಡಿ, ಅದರ ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದರೆ, ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ಇದೇ ಊರಿನ ಪಕ್ಕದ ತೋಟದ ಶಾಲೆಯಲ್ಲಿ ೨೮ ಮಕ್ಕಳಿಗೆ ಇಬ್ಬರಿದ್ದಾರೆನ್ನಿ. ಐದು ತರಗತಿಗಳಿಗೆ ಇಬ್ಬರು ಸಾಲದೆಂದು ತಂದೆತಾಯಿಗಳಿಗೆ ಅನ್ನಿಸುವುದು ಸಹಜ. ಆದರೆ ಕಾಯಿದೆಯ ಅಳತೆಯಂತೆ ಅಲ್ಲಿ ಕೊರತೆಯಿಲ್ಲ. ಅಂಥ ಕಡೆ ಬಹುತರಗತಿಯ ಪಾಠಕ್ರಮದಲ್ಲಿ ಉಪಾಧ್ಯಾಯರಿಗೆ ತರಬೇತಿ, ಹೆಚ್ಚು ಪುಸ್ತಕ, ಹೆಚ್ಚು ಪಾಠೋಪಕರಣ ಬೇಕೆಂದು ಕೇಳುವುದೇ ಸರಿಯಾದ ದಾರಿ. ಕೇಳತಕ್ಕದ್ದನ್ನು ಕೇಳಿದವನ ಮಾತಿಗೆ ತೂಕವುಂಟು.

ಉತ್ತರ ಬಾರದಿದ್ದರೆ? ಮೂವತ್ತೆರಡನೆಯ ಕಲಮಿನ ಪ್ರಕಾರ ಮಗುವಿನ ಹಕ್ಕಿಗೆ ಸಂಬಂಧಿಸಿದ ದೂರನ್ನು ಯಾರು ಬೇಕಾದರೂ ಸ್ಥಳೀಯ ಪ್ರಾಧಿಕಾರಕ್ಕೆ ಬರಹದಲ್ಲಿ ಕೊಡಬಹುದು. ಆ ಪ್ರಾಧಿಕಾರವು ಸಂಬಂಧಪಟ್ಟವರನ್ನು ವಿಚಾರಿಸಿ ಮೂರು ತಿಂಗಳೊಳಗೆ ತೀರ್ಮಾನ ಮಾಡತಕ್ಕದ್ದು. ಆ ತೀರ್ಮಾನವು ಒಪ್ಪಿಗೆಯಾಗದಿದ್ದರೆ ರಾಜ್ಯದ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ಹಣದ ಲೆಕ್ಕವಾಗಲಿ ಹುದ್ದೆಗಳ ವಿವರವಾಗಲಿ ದೊರೆಯದಿದ್ದರೆ, ೨೦೦೫ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಅರ್ಜಿ ಕೊಟ್ಟರೆ ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ಈ ಹಾದಿ ನಿಧಾನವಾದದ್ದು. ಶಾ‌ಲೆಗೆ ಬೀಗ ಹಾಕುವ ಹಾದಿ ಬೇಗನೆ ಹೆಸರು ತರುತ್ತದೆ. ಆದರೆ ಬೀಗ ಬಿದ್ದ ದಿನ ಪಾಠ ತಪ್ಪುವುದು ಮಕ್ಕಳಿಗೇ.

ನ್ಯಾಯವನ್ನು ಹೊರಗೆ ಕೇಳುವ ಸಮಿತಿಯು ತನ್ನೊಳಗೂ ಅದನ್ನು ಇಟ್ಟುಕೊಂಡಿರಬೇಕು. ಕೆಲವು ಕಡೆ ಹೆಂಗಸರ ಹೆಸರು ಸಮಿತಿಯ ಪಟ್ಟಿಯಲ್ಲಿರುತ್ತದೆ. ಸಭೆಗೆ ಬಂದು ಮಾತನಾಡುವವರು ಅವರ ಗಂಡಂದಿರು. ಕೆಲವು ಕಡೆ ಊರ ಹಿರಿಯರ ಮನೆಯವರೇ ಎಲ್ಲ ಸ್ಥಾನಗಳನ್ನೂ ತುಂಬುತ್ತಾರೆ. ಅವರ ಮಕ್ಕಳೋ ಬೇರೆ ಶಾಲೆಯಲ್ಲಿ. ಯಾರ ಮಗು ಆ ಹಲಗೆಯ ಮೇಲೆ ಕೂತು, ಆ ನೀರು ಕುಡಿದು, ಆ ಊಟ ಉಣ್ಣುತ್ತದೋ ಅವರಿಗೆ ತಿಳಿಯುವುದು ಉಳಿದವರಿಗೆ ತಿಳಿಯಲಾರದು. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿಲ್ಲದಿದ್ದರೆ ಅದರ ಕಷ್ಟವನ್ನು ಮಗಳು ಹೇಳುವುದು ತಾಯಿಯ ಮುಂದೆ. ಆ ತಾಯಿ ಸಭೆಯಲ್ಲಿ ಕುಳಿತು ಬಾಯಿ ಬಿಡುವಂತಾದರೆ, ಆ ಶೌಚಾಲಯಕ್ಕೆ ನೀರು ಬರುವ ದಿನ ಹತ್ತಿರವಾಗುತ್ತದೆ. ಆದ್ದರಿಂದ ನೇಕಾರರ ಓಣಿಯಲ್ಲಿ ಸಭೆಯನ್ನು ಮಗ್ಗ ನಿಂತ ಮೇಲೆ ಸಂಜೆ ಸೇರಿಸಿರಿ. ಕಟಾವಿನ ದಿನಗಳಲ್ಲಿ ಕೂಲಿಯವರು ಹೊಲದಿಂದ ಬಂದ ಮೇಲೆ ಸೇರಿಸಿರಿ. ನಡವಳಿಯನ್ನು ಎಲ್ಲರೂ ಕೇಳುವಂತೆ ಓದಿ ಹೇಳಿದ ಮೇಲೆಯೇ ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಪಡೆಯಿರಿ.

ಸಭೆಗೆ ಬರಲಾರದವರ ಮಕ್ಕಳನ್ನೂ ಸಮಿತಿ ಮರೆಯಕೂಡದು. ಕಬ್ಬು ಕಡಿಯಲು ಬಂದವರ ಮಗು ವರ್ಷದ ನಡುವೆ ಬಂದಿತೆಂದಾಗಲಿ, ವಯಸ್ಸಿನ ದಾಖಲೆ ತರಲಿಲ್ಲವೆಂದಾಗಲಿ, ವರ್ಗಾವಣೆ ಪತ್ರ ತಡವಾಯಿತೆಂದಾಗಲಿ ಅದಕ್ಕೆ ಪ್ರವೇಶವನ್ನು ನಿರಾಕರಿಸುವಂತಿಲ್ಲ. ಇದು ಕಾಯಿದೆಯ ಸ್ಪಷ್ಟವಾದ ಮಾತು. ಆ ಮಗುವಿಗೆ ಈ ಊರಿನಲ್ಲಿ ಅಪ್ಪನ ಮತವಿಲ್ಲ, ಅಜ್ಜನ ಹೊಲವಿಲ್ಲ; ಅದರ ಪರವಾಗಿ ಮಾತನಾಡತಕ್ಕವರು ಊರಿನ ತಂದೆತಾಯಿಗಳೇ. ಸಮಿತಿಯ ನ್ಯಾಯಬುದ್ಧಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ.

ಉಪಾಧ್ಯಾಯರ ವಿಷಯವಾಗಿಯೂ ಎರಡು ಮಾತು ಅವಶ್ಯಕ. ತಂದೆತಾಯಿಗಳೊಡನೆ ಆಗಾಗ ಸೇರಿ ಮಗುವಿನ ಹಾಜರಿ, ಕಲಿಕೆ, ಪ್ರಗತಿಗಳನ್ನು ತಿಳಿಸುವುದು ಉಪಾಧ್ಯಾಯರ ಕರ್ತವ್ಯವೆಂದು ಇಪ್ಪತ್ತನಾಲ್ಕನೆಯ ಕಲಮು ಹೇಳುತ್ತದೆ. ಮಗುವನ್ನು ಹೊಡೆಯುವುದು ಹದಿನೇಳನೆಯ ಕಲಮಿನಿಂದ ನಿಷಿದ್ಧ. ಇವನ್ನು ಕೇಳುವ ಅಧಿಕಾರ ನಿಮಗುಂಟು. ಹಾಗೆಯೇ ಜನಗಣತಿ, ಚುನಾವಣೆ, ವಿಪತ್ತಿನ ಪರಿಹಾರ ಈ ಮೂರನ್ನು ಬಿಟ್ಟು ಶಿಕ್ಷಣಕ್ಕೆ ಸಂಬಂಧಪಡದ ಬೇರೆ ಕೆಲಸಗಳಿಗೆ ಉಪಾಧ್ಯಾಯರನ್ನು ನೇಮಿಸಕೂಡದೆಂದೂ ಅದೇ ಕಾಯಿದೆಯಲ್ಲಿದೆ. ಮಾಸ್ತರರು ತರಗತಿಯಲ್ಲಿಲ್ಲವೆಂದು ದೂರುವ ಮುನ್ನ, ಅವರನ್ನು ಅಲ್ಲಿಂದ ಎಬ್ಬಿಸಿದವರಾರೆಂದು ವಿಚಾರಿಸುವುದು ಒಳ್ಳೆಯದು. ಒಳ್ಳೆಯ ಉಪಾಧ್ಯಾಯರ ಬೆನ್ನಿಗೆ ನಿಂತು, ಇವರನ್ನು ಪಾಠಕ್ಕೆ ಬಿಡಿರಿ ಎಂದು ಬರೆಯುವುದೂ ಸಮಿತಿಯ ಕೆಲಸವೇ.

ಶಿಕ್ಷಣದ ಗುಣವು ಕಟ್ಟಡದಲ್ಲಿ ಮುಗಿಯುವುದಿಲ್ಲ. ಇದನ್ನು ಗಡಿಯಾಚೆಯ ಕನ್ನಡಿಗರು ಚೆನ್ನಾಗಿ ಬಲ್ಲರು. ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಉಪಾಧ್ಯಾಯರು ಬಂದಾಗ ಅಲ್ಲಿಯ ತಂದೆತಾಯಿಗಳು ಪ್ರತಿಭಟಿಸಿದ್ದಾರೆ. ನಮಗೆ ಹತ್ತಿರದ ಜತ್ತ ತಾಲ್ಲೂಕಿನ ಕನ್ನಡ ಶಾಲೆಗಳ ವಿಷಯದಲ್ಲಿಯೂ ಇಂಥ ಆಕ್ಷೇಪಣೆ ಎದ್ದಿದೆ. ಕೊಠಡಿಯಿತ್ತು, ಹಲಗೆಯಿತ್ತು, ಸಂಬಳ ಪಡೆಯುವ ಉಪಾಧ್ಯಾಯರೂ ಇದ್ದರು; ಆದರೆ ಅವರ ಮಾತು ಮಗುವಿಗೆ ತಿಳಿಯುತ್ತಿರಲಿಲ್ಲ. ಸಾಧ್ಯವಾದಷ್ಟು ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿಯೇ ಪಾಠ ನಡೆಯಬೇಕೆಂಬುದು ಕಾಯಿದೆಯ ಆಶಯ. ನಮ್ಮ ಊರುಗಳಲ್ಲಿಯೂ ಕನ್ನಡ ಶಾಲೆಯ ಪಕ್ಕದಲ್ಲಿ ಉರ್ದು ಶಾಲೆಯುಂಟು. ಗಡಿಯಾಚೆ ನಮ್ಮವರಿಗೆ ಏನನ್ನು ಕೇಳುತ್ತೇವೆಯೋ ಅದನ್ನು ಗಡಿಯೀಚೆ ನೆರೆಯವರ ಮಕ್ಕಳಿಗೂ ಕೇಳುವುದು ನ್ಯಾಯ.

ಕೊನೆಯದಾಗಿ, ಪ್ರತಿಯೊಬ್ಬ ತಂದೆತಾಯಿಯೂ ಮನೆಯಲ್ಲಿಯೇ ಮಾಡಬಹುದಾದ ಒಂದು ಸಣ್ಣ ಕೆಲಸ. ಸಂಜೆ ಮಗುವನ್ನು ಹತ್ತಿರ ಕೂರಿಸಿಕೊಂಡು, ಇವೊತ್ತು ಏನು ಕಲಿತೆ, ಓದಿ ತೋರಿಸು ಎಂದು ಕೇಳಿರಿ. ಓದು ಬಾರದ ತಾಯಿಗೂ ಮಗು ತಡವರಿಸುತ್ತದೆಯೋ ಸರಾಗವಾಗಿ ಓದುತ್ತದೆಯೋ ಎಂಬುದು ಕಿವಿಗೆ ತಿಳಿಯುತ್ತದೆ. ಹತ್ತು ಮನೆಗಳಲ್ಲಿ ಹೀಗೆ ಕೇಳಿ, ಹತ್ತು ಮಕ್ಕಳಲ್ಲಿ ಆರು ಮಕ್ಕಳು ತಡವರಿಸಿದರೆ, ಆ ಮಾತನ್ನು ಸಮಿತಿಯ ಮುಂದಿಡಿರಿ. ಅದು ಯಾರನ್ನೂ ನಿಂದಿಸುವುದಕ್ಕಲ್ಲ. ಯಾವ ತರಗತಿಗೆ, ಯಾವ ವಿಷಯದಲ್ಲಿ ಹೆಚ್ಚು ಗಮನ ಬೇಕೆಂದು ಯೋಜನೆಯಲ್ಲಿ ಬರೆಯುವುದಕ್ಕೆ.

ಮಗು ಎಂಟು ವರ್ಷಗಳಲ್ಲಿ ಶಾಲೆಯನ್ನು ಬಿಟ್ಟು ಮುಂದೆ ಹೋಗುತ್ತದೆ. ಶಾಲೆ ಅಲ್ಲಿಯೇ ಉಳಿಯುತ್ತದೆ. ಇಂದು ನೀವು ಠರಾವು ಮಾಡಿ ತರಿಸಿದ ನಾಲ್ಕನೆಯ ಉಪಾಧ್ಯಾಯರು ನಿಮ್ಮ ಮಗುವಿಗೆ ಪಾಠ ಹೇಳುವ ವೇಳೆಗೆ ಅದು ದೊಡ್ಡ ಶಾಲೆಗೆ ಹೋಗಿರಬಹುದು. ಹಾಗಾದರೂ ಆ ಕೆಲಸ ವ್ಯರ್ಥವಲ್ಲ. ಮುದುವೊಳಲಿನ ಬೀದಿಯಲ್ಲಿ ರನ್ನನೊಡನೆ ಆಡಿ, ಹೆಸರಿಲ್ಲದೆ ಹೋದ ಹುಡುಗರ ಮಾತನ್ನು ಮೊದಲಲ್ಲಿ ಹೇಳಿದೆನಷ್ಟೆ. ಅಂಥ ಮಕ್ಕಳು ಇಂದಿಗೂ ಮಗ್ಗದ ಓಣಿಯಲ್ಲಿದ್ದಾರೆ, ಕಬ್ಬಿನ ಗದ್ದೆಯ ಅಂಚಿನಲ್ಲಿದ್ದಾರೆ, ಹಿನ್ನೀರಿನ ದಂಡೆಯ ಹೊಸ ಊರುಗಳಲ್ಲಿದ್ದಾರೆ. ಅವರು ಗುರುವನ್ನು ಅರಸಿಕೊಂಡು ಗಂಗರ ನಾಡಿಗೆ ಹೋಗಬೇಕಾಗಿಲ್ಲ. ಅವರ ಓಣಿಗೆ ಬರಬೇಕಾದ ಗುರುವನ್ನು ಬರಮಾಡಿಕೊಳ್ಳುವ ಅಧಿಕಾರವು ಅವರ ಹೆತ್ತವರ ಕೈಯಲ್ಲಿದೆ. ಮುಂದಿನ ಸಭೆಯ ದಿನ ಯಾವುದೆಂದು ನಾಳೆ ಬೆಳಗ್ಗೆ ಶಾಲೆಯಲ್ಲಿ ವಿಚಾರಿಸಿಕೊಂಡು ಬನ್ನಿರಿ.